ಮಗಳ ಪರೀಕ್ಷೆಗೆ ಸ್ಥಳ ಪರಿಶೀಲನೆ

ಪತ್ರಿಕೆಯ ಕೆಲಸ ಮಾಡುವವರು ಸಂಸಾರಕ್ಕೆ ಅಷ್ಟಾಗಿ ಒಗ್ಗುವುದಿಲ್ಲ ಎಂಬುದು ನನ್ನ ಅನುಭವ. ಒಬ್ಬರು ಹೇಳಿದ್ದನ್ನು ಹಾಗೆಯೇ ನಂಬಬಾರದು, ಇನ್ನೊಂದು ಕಡೆಯವರನ್ನೂ ಕೇಳಬೇಕು, ಆಮೇಲೆ ಸ್ವತಃ ಹೋಗಿ ನೋಡಬೇಕು. ವರ್ಷಗಟ್ಟಲೆ ಇದನ್ನೇ ಮಾಡಿದವನಿಗೆ ಮನೆಗೆ ಬಂದ ಮೇಲೂ ಚಪ್ಪಲಿಯಂತೆ ಅದನ್ನು ಹೊರಗೆ ಬಿಡಲು ಬರುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಮಗಳು ಹೇಳಿದರೆ ನಾನು ಹೆಂಡತಿಯ ಪ್ರತಿಕ್ರಿಯೆ ಕೇಳುತ್ತೇನೆ. ಹೆಂಡತಿ ಪ್ರತಿಕ್ರಿಯೆ ಕೊಡುವುದಿಲ್ಲ. ತಟ್ಟೆ ಎತ್ತಿಕೊಂಡು ಹೋಗುತ್ತಾಳೆ. ಗೋಕಾಕದಲ್ಲಿ ಕುಳಿತು ಸುತ್ತಲಿನ ತಾಲ್ಲೂಕುಗಳ ಸುದ್ದಿ ಕಳಿಸುವುದು ನನ್ನ ಉದ್ಯೋಗ. ಸುದ್ದಿ ಎಂದರೆ ಬಹುಪಾಲು ದೂರು. ಎಲ್ಲೆಲ್ಲಿ ಏನೇನು ಸರಿಯಿಲ್ಲ ಎಂದು ನೋಡಿ ನೋಡಿ ಕಣ್ಣು ದಣಿದಿದೆ, ಆದರೂ ನೋಡುವುದು ನಿಂತಿಲ್ಲ.

ಮಗಳು ಅಕ್ಷತಾ ಐದನೆಯ ತರಗತಿಯಲ್ಲಿದ್ದಾಳೆ. ವಸತಿ ಶಾಲೆಯೊಂದರ ಪ್ರವೇಶ ಪರೀಕ್ಷೆ ಬರೆಯುತ್ತೇನೆಂದು ಅವಳೇ ಹಟ ಹಿಡಿದಳು. ಅದಕ್ಕೆ ಬರುವ ಮಕ್ಕಳು ಬಹಳ, ಸೀಟು ಕಡಿಮೆ, ಬರೆಯಲು ಅವಕಾಶ ಒಂದೇ ಸಲ. ಹುಡುಗಿಗೆ ಲೆಕ್ಕ ಚೆನ್ನಾಗಿ ಬರುತ್ತದೆ. ಆದರೆ ಲೆಕ್ಕ ಬಿಡಿಸುವಾಗ ಯಾರಾದರೂ ಮಾತನಾಡಿಸಿದರೆ ಅಲ್ಲಿಗೇ ಕೈಬಿಟ್ಟು ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ. ಆದ್ದರಿಂದ ಅವಳಿಗೆ ಬೇಕಾದದ್ದು ಇಷ್ಟೇ: ಯಾರೂ ತಂಟೆಗೆ ಬಾರದ ಒಂದು ಬೆಂಚು. ಆನ್‌ಲೈನ್ ಅರ್ಜಿಯಲ್ಲಿ ಪರೀಕ್ಷಾ ಕೇಂದ್ರ ಎಂಬಲ್ಲಿ ನಮಗೆ ಅನುಕೂಲವಾದ ಊರುಗಳು ಮೂರಿದ್ದವು. ಗೋಕಾಕ, ಮೂಡಲಗಿ, ಹುಕ್ಕೇರಿ, ಊರಿಗೊಂದೇ ಶಾಲೆ. ಬೇರೆ ಯಾವ ತಂದೆಯಾದರೂ ತಾನಿದ್ದ ಊರಿನ ಹೆಸರು ಒತ್ತಿ, ಚಹಾ ಕುಡಿದು ಮಲಗುತ್ತಿದ್ದ. ನಾನು ಎಲ್ಲ ಕಡೆಯವರ ಅಭಿಪ್ರಾಯ ಸಂಗ್ರಹಿಸಿದೆ.

ಇದು ಮೊದಲ ತಪ್ಪು. ನಮ್ಮ ಕಡೆ ನೆಂಟರನ್ನು ಅಭಿಪ್ರಾಯ ಕೇಳುವುದೆಂದರೆ ಬರುತ್ತೇವೆಂದು ಮಾತು ಕೊಟ್ಟಂತೆ. ಹುಕ್ಕೇರಿ ಹೇಗೆ ಎಂದು ಅದರ ಹತ್ತಿರದ ಬೆಲ್ಲದ ಬಾಗೇವಾಡಿಯಲ್ಲಿರುವ ಅಕ್ಕನಿಗೆ ಫೋನು ಮಾಡಿದೆ. ಅವಳು ಪರೀಕ್ಷೆಯ ಮಾತನ್ನು ಅರ್ಧಕ್ಕೇ ತಡೆದಳು.

"ಹಿಂದಿನ ದಿನಾನ ಬಂದ್ ಬಿಡ್ರೋ ತಮ್ಮಾ. ಹೋಳಿಗಿ ಮಾಡ್ತೇನಿ. ಮುಂಜಾನೆ ಬಿಸಿ ಮಾಡಿ ತುಪ್ಪ ಹಾಕಿ ಎರಡು ತಿನಿಸಿ ಕಳಸ್ತೇನಿ."

"ಅಕ್ಕಾ, ತುಪ್ಪ ತಿಂದ್ರ ಹುಡುಗಿ ಅಲ್ಲೇ ಮಲ್ಕೋತಾಳ."

"ಮಲ್ಕೊಳ್ಳಿ ಬಿಡು. ಏನ್ ಕಡಿಮಿ ಐತಿ ನಮಗ? ಸಾಲಿ ಸಲುವಾಗಿ ಕೂಸಿನ್ನ ಉಪವಾಸ ಕೆಡವತೀರೇನು?"

ಮೂಡಲಗಿಯ ವಿಷಯ ಕೇಳಲು ಅದರ ಪಕ್ಕದ ನಾಗನೂರಿಗೆ, ಅಂದರೆ ಹೆಂಡತಿಯ ತವರಿಗೆ, ಫೋನು ಹೋಯಿತು. ಅಲ್ಲಿ ಅತ್ತೆ ಆಗಲೇ ಕಾರ್ಯಕ್ರಮ ಸಿದ್ಧಪಡಿಸಿದ್ದರು. ಬೆಳಿಗ್ಗೆ ಮಠಕ್ಕೆ ಹೋಗಿ ಅಲ್ಲಿನ ಸ್ವಾಮಿಗಳ ಕೈಯಿಂದ ವಿಭೂತಿ ಹಚ್ಚಿಸುವುದು, ನಂತರ ಮನೆಮಂದಿಯೆಲ್ಲ ಟ್ರ್ಯಾಕ್ಟರಿನಲ್ಲಿ ಬಂದು ಶಾಲೆಯ ಗೇಟಿನ ಹೊರಗೆ ಕೂರುವುದು, ಮಗು ಹೊರಗೆ ಬಂದೊಡನೆ ಅಲ್ಲೇ ಬುತ್ತಿ ಬಿಚ್ಚುವುದು. ಪರೀಕ್ಷೆಯಷ್ಟೇ ಈ ಕಾರ್ಯಕ್ರಮದ ನಡುವೆ ಅಡ್ಡಬಂದಂತಿತ್ತು. ಹುಕ್ಕೇರಿಗೆ ಹೋದರೆ ನಾಗನೂರು ಮುನಿಯುತ್ತದೆ, ಮೂಡಲಗಿಗೆ ಹೋದರೆ ಬೆಲ್ಲದ ಬಾಗೇವಾಡಿ ಮುನಿಯುತ್ತದೆ. ಗೋಕಾಕವೇ ಸರಿ ಎಂದುಕೊಂಡೆ. ಇಲ್ಲಿ ನಮಗೆ ನೆಂಟರಿಲ್ಲ, ಇರುವವರೆಲ್ಲ ನನ್ನ ಸುದ್ದಿಯಿಂದ ನೊಂದವರು. ಅವರು ಊಟಕ್ಕೆ ಕರೆಯುವುದಿಲ್ಲ.

ಹೆಂಡತಿ ಶೋಭಾ ಒಪ್ಪಲಿಲ್ಲ. ನಾನು ಬರೆದದ್ದನ್ನು ಕೊನೆಯ ಸಾಲಿನವರೆಗೆ ಓದುವ ಓದುಗರು ನನಗೆ ತಿಳಿದಂತೆ ಅವಳೊಬ್ಬಳೇ. ಓದಿ ಮರೆಯುವವಳಾಗಿದ್ದರೆ ತೊಂದರೆ ಇರಲಿಲ್ಲ.

"ಗೋಕಾಕ ಸಾಲ್ಯಾಗ ಡೆಸ್ಕ್ ಮುರದಾವ, ಫ್ಯಾನ್ ತಿರುಗೂದಿಲ್ಲ, ನಳದಾಗ ನೀರಿಲ್ಲ. ಹೌದಿಲ್ರಿ?"

"ಯಾರ್ ಅಂದ್ರು?"

"ನೀವ ಬರದೀರಿ. ಮೂಡಲಗ್ಯಾಗ ಬಾಜೂ ಗಿರಣಿ ಸಪ್ಪಳಕ್ಕ ಕಿವಿ ಕೇಳಸೂದಿಲ್ಲಂತ ಬರದೀರಿ. ಹುಕ್ಕೇರ್ಯಾಗ ಖೋಲಿ ತುಂಬ ಕತ್ತಲಂತ ಬರದೀರಿ. ನೀವು ತಪ್ಪು ಹುಡಕಲಾರದ ಸಾಲಿ ಒಂದರ ಉಳದೈತೇನ್ರಿ ಈ ಕಡೆ?"

"ಅದು ಆವಾಗಿನ ಮಾತು. ಸುದ್ದಿ ಅಂದ್ಮ್ಯಾಲ ಸ್ವಲ್ಪ ಒತ್ತಿ ಹೇಳಬೇಕಾಗತೈತಿ."

"ಅಂದ್ರ ಬರದದ್ದು ಖರೆ ಅಲ್ಲ?"

ಸಂಪಾದಕರಾದರೂ ಇಷ್ಟು ನೇರವಾಗಿ ಕೇಳಿದವರಲ್ಲ. ಖರೆ ಎಂದರೆ ಮುರಿದ ಡೆಸ್ಕಿನ ಮೇಲೆ ಮಗಳನ್ನು ಕೂರಿಸಬೇಕು. ಖರೆ ಅಲ್ಲ ಎಂದರೆ ನನ್ನ ಪಗಾರಕ್ಕೆ ಅರ್ಥವಿಲ್ಲ. ಇಂಥ ಇಕ್ಕಟ್ಟಿನಲ್ಲಿ ಅಧಿಕಾರಿಗಳು ಏನು ಹೇಳಿ ಪಾರಾಗುತ್ತಾರೋ ನಾನೂ ಅದನ್ನೇ ಹೇಳಿದೆ. ಸ್ಥಳ ಪರಿಶೀಲಿಸಿ ಕ್ರಮ ಕೈಗೊಳ್ಳುವುದಾಗಿ ಭರವಸೆ ನೀಡಿದೆ.

ಮರುದಿನ ಶಾಲೆಗೆ ಹೋದೆ. ಹೆಡ್ ಮಾಸ್ತರರು ಸಣ್ಣ ದನಿಯ, ಅಂಜುಬುರುಕ ಸ್ವಭಾವದ ಮನುಷ್ಯ. ನನ್ನನ್ನು ಕಂಡೊಡನೆ ಬರೆಯುತ್ತಿದ್ದ ಪೆನ್ನಿನ ಮುಚ್ಚಳ ಹಾಕಿದರು.

"ಬರ್ರಿ ಸಾಹೇಬ್ರ. ಈ ಸಲ ಯಾರ್ ಕಂಪ್ಲೇಂಟ್ ಕೊಟ್ರು?"

"ಯಾರೂ ಇಲ್ರಿ ಸರ್. ನನ್ನ ಮಗಳು ಪ್ರವೇಶ ಪರೀಕ್ಷಾ ಬರಿಯಾಕಿ ಅದಾಳ. ಖೋಲಿ ನೋಡಿಕೊಂಡ್ ಹೋಗೂಣಂತ ಬಂದೇನಿ."

"ಮಗಳು." ಅವರು ಪಕ್ಕದಲ್ಲಿದ್ದ ಗುಮಾಸ್ತರ ಮುಖ ನೋಡಿದರು. "ಹೋದ ಸಲ ನೀರ್ ಕುಡ್ಯಾಕ ಬಂದೇನಿ ಅಂದಿದ್ರಿ. ಮರುದಿನ ಪೇಪರಿನ್ಯಾಗ ನಮ್ಮ ನಳದ ಫೋಟೋ ಇತ್ತು."

ಅದು ನಿಜವಾದ್ದರಿಂದ ನಾನು ಕೋಣೆಗಳ ಕಡೆ ಕೈ ತೋರಿಸಿದೆ. ಅವರು ಒಂದೊಂದೇ ಕೋಣೆ ತೆರೆದು ತೋರಿಸಿದರು. ಡೆಸ್ಕುಗಳಿಗೆ ಹೊಸ ಹಲಗೆ ಬಿದ್ದಿತ್ತು, ಫ್ಯಾನು ತಿರುಗುತ್ತಿತ್ತು, ನಲ್ಲಿಯಲ್ಲಿ ನೀರಿತ್ತು. ಇಷ್ಟು ಸಾಕಿತ್ತು, ಬಂದ ದಾರಿ ಹಿಡಿಯಬಹುದಿತ್ತು. ಆದರೆ ಮನೆಯಲ್ಲಿ ಬಾಯಿಮಾತು ನಡೆಯುವುದಿಲ್ಲ, ಪುರಾವೆ ಬೇಕು. ಮೊಬೈಲು ತೆಗೆದು ಫ್ಯಾನಿನದೊಂದು, ಡೆಸ್ಕಿನದೊಂದು, ನಲ್ಲಿಯದೊಂದು ಚಿತ್ರ ತೆಗೆದೆ. ಡೆಸ್ಕನ್ನು ಹಿಡಿದು ಅಲುಗಾಡಿಸಿಯೂ ನೋಡಿದೆ. ಹೆಡ್ ಮಾಸ್ತರರು ಹತ್ತಿರ ಬಂದರು.

"ಫೋಟೋ ಯಾಕ್ರಿ ಮತ್ತ?"

"ಮನ್ಯಾಗ ತೋರಸಾಕ್ರಿ."

"ತೋರಸ್ರಿ, ತೋರಸ್ರಿ," ಎಂದರು. ಒಂದು ಅಕ್ಷರವನ್ನೂ ನಂಬಿರಲಿಲ್ಲ. ನಂಬುವುದಕ್ಕೆ ಅವರಿಗೆ ಕಾರಣವೂ ಇರಲಿಲ್ಲ.

ಚಿತ್ರ ನೋಡಿ ಶೋಭಾ ಒಪ್ಪಿದಳು. ಗೋಕಾಕ ಎಂದು ನಮೂದಿಸಿದೆವು. ಅಕ್ಕ ಮುನಿಸಿಕೊಂಡಳು, ಅತ್ತೆ ಮುನಿಸಿಕೊಂಡರು. ಎರಡೂ ಕಡೆ ಮುನಿಸು ಸಮನಾಗಿದ್ದುದರಿಂದ ನಿರ್ಧಾರ ನಿಷ್ಪಕ್ಷಪಾತವಾಗಿದೆ ಎಂದು ಸಮಾಧಾನ ಮಾಡಿಕೊಂಡೆ.

ಪರೀಕ್ಷೆಯ ದಿನ ಮೂವರೂ ನಡೆದೇ ಹೋದೆವು. ಗೇಟಿನಲ್ಲಿ ಹೆಡ್ ಮಾಸ್ತರರು ನಿಂತಿದ್ದರು. ನನ್ನ ಕೈ ಹಿಡಿದಿದ್ದ ಅಕ್ಷತಾಳನ್ನು ಮೇಲಿಂದ ಕೆಳಗೆ ನೋಡಿದರು.

"ಖರೇನ ಮಗಳ ಅದಾಳಲ್ರಿ," ಎಂದರು. ಅವರ ದನಿಯಲ್ಲಿ ಆಶ್ಚರ್ಯವಿತ್ತು, ಅದರ ಜೊತೆಗೆ ಏನೋ ಒಂದು ಸಂಕಲ್ಪವೂ ಇತ್ತು. ಆಶ್ಚರ್ಯವನ್ನು ಗಮನಿಸಿದೆ. ಸಂಕಲ್ಪವನ್ನು ಗಮನಿಸಬೇಕಿತ್ತು. "ನೀವೇನೂ ಕಾಳಜಿ ಮಾಡಬ್ಯಾಡ್ರಿ ಸಾಹೇಬ್ರ. ನಾ ಸ್ವತಃ ನೋಡಿಕೋತೇನಿ."

ಹೊರಗೆ ಪಾಲಕರೆಲ್ಲ ಗೋಡೆಯ ನೆರಳಿಗೆ ನಿಂತಿದ್ದರು. ಬಿಸಿಲೇರಿದಂತೆ ನೆರಳು ಸಣ್ಣದಾಗುತ್ತ ಹೋಯಿತು, ನಾವು ಗೋಡೆಗೆ ಅಂಟಿಕೊಳ್ಳುತ್ತ ಹೋದೆವು. ಆ ಹೊತ್ತಿನಲ್ಲೂ ತಲೆಯಲ್ಲಿ ಒಂದು ಶೀರ್ಷಿಕೆ ತಯಾರಾಗುತ್ತಿತ್ತು, ಬೇಡವೆಂದು ಅಳಿಸಿದೆ. ಕೊನೆಗೆ ಗಂಟೆ ಹೊಡೆಯಿತು. ಮಕ್ಕಳು ಓಡಿ ಬಂದವು. ಅಕ್ಷತಾ ನಡೆದು ಬಂದಳು.

"ಹೆಂಗಾತವಾ?" ಎಂದು ಶೋಭಾ ಕೇಳಿದಳು. "ಫ್ಯಾನ್ ಇತ್ತು? ನೀರಿತ್ತು?"

"ಎಲ್ಲಾ ಇತ್ತವ್ವಾ," ಎಂದಳು ಮಗಳು. ಅಳುತ್ತಿರಲಿಲ್ಲ, ಬಹಳ ದಣಿದಿದ್ದಳು. "ಆ ಹೆಡ್ ಸರ್ ಮೊದಲ ಬಂದು ಫ್ಯಾನ್ ಜೋರ್ ಮಾಡಿದ್ರು. ಆಮ್ಯಾಲ ಮತ್ತ ಬಂದು, ಗಾಳಿ ಭಾಳ ಆತೇನವಾ ಅಂತ ಕಡಿಮಿ ಮಾಡಿದ್ರು. ನೀರ್ ತಂದ್ ಕೊಟ್ರು. ಡೆಸ್ಕ್ ಅಲಗ್ಯಾಡ್ತೈತೇನು ಅಂತ ಹಿಡದು ಅಲಗ್ಯಾಡಿಸಿ ನೋಡಿದ್ರು. ಆವಾಗ ನಾ ಭಾಗಾಕಾರ ಮಾಡಾಕತ್ತಿದ್ದೆ."

"ಖೋಲ್ಯಾಗಿದ್ದ ಟೀಚರ್ ಏನೂ ಅನಲಿಲ್ಲೇನು?"

"ಅವರಿಗೂ ಹೇಳಿದ್ರು, ಈ ಹುಡಿಗೀನ ಛಲೋ ನೋಡಿಕೊಳ್ರಿ ಅಂತ. ಆಮ್ಯಾಲ ಅವರೂ ಬಂದು ಕೇಳಾಕ ಹತ್ತಿದ್ರು." ಸ್ವಲ್ಪ ಯೋಚಿಸಿ ಸೇರಿಸಿದಳು. "ಎಲ್ಲಾರಕಿಂತ ನನ್ನ ಛಲೋ ನೋಡಿಕೊಂಡ್ರಪ್ಪಾ. ಬರಿಯಾಕಷ್ಟ ಬಿಡಲಿಲ್ಲ. ಕಡೀ ಲೆಕ್ಕ ನಾಕೈದು ಹಂಗ ಉಳದ್ವು."

ಅಷ್ಟರಲ್ಲಿ ಹೆಡ್ ಮಾಸ್ತರರೇ ಬಂದರು. ಅಂಗಿ ಬೆವರಿನಿಂದ ತೊಯ್ದಿತ್ತು. ಆ ದಿನ ಊರಿನಲ್ಲಿ ಅವರಷ್ಟು ದುಡಿದವರು ಇರಲಿಕ್ಕಿಲ್ಲ.

"ಈ ಸಲ ಏನೂ ಕಡಿಮಿ ಆಗಿಲ್ಲಲ್ರಿ ಸಾಹೇಬ್ರ?"

"ಏನೂ ಕಡಿಮಿ ಆಗಿಲ್ರಿ," ಎಂದೆ.

ಫಲಿತಾಂಶ ಇನ್ನೂ ಬಂದಿಲ್ಲ. ಪರೀಕ್ಷಾ ಕೊಠಡಿಯಲ್ಲಿ ವಿದ್ಯಾರ್ಥಿನಿಗೆ ಪದೇ ಪದೇ ಅಡಚಣೆಯಾಗಿದೆ, ಸುದ್ದಿ ಮಾಡುವಂಥ ವಿಷಯವೇ. ಬೇರೆ ಯಾರ ಮಗಳಾಗಿದ್ದರೂ ಸಂಜೆಯೊಳಗೆ ಕಳಿಸಿಬಿಡುತ್ತಿದ್ದೆ. ಆದರೆ ಬರೆಯಲು ಕುಳಿತರೆ ಇದಕ್ಕೆ ಹೊಣೆ ಯಾರು ಎಂಬ ಪ್ಯಾರಾ ಬರುತ್ತದೆ, ಅದರ ಕೆಳಗೆ ಆ ಹೊಣೆಗಾರನ ಪ್ರತಿಕ್ರಿಯೆ ಹಾಕಬೇಕಾಗುತ್ತದೆ. ಸಂಪರ್ಕಿಸಲು ಯತ್ನಿಸಿದರೂ ಸಿಗಲಿಲ್ಲ ಎಂದು ಬರೆಯುವಂತಿಲ್ಲ. ಆ ಮನುಷ್ಯ ನನ್ನದೇ ಅಂಗಿ ತೊಟ್ಟು ಇಡೀ ದಿನ ಮನೆಯಲ್ಲೇ ಇದ್ದಾನೆ, ಶೋಭಾ ಕೇಳುವ ಯಾವ ಪ್ರಶ್ನೆಗೂ ಉತ್ತರ ಕೊಡುತ್ತಿಲ್ಲ.