ಹರಿಹರದ ಹಾರ ಯಾರ ಕೊರಳಿಗೆ ಬಿತ್ತು?

ಹರಿಹರದ ಆ ಮದುವೆಯಲ್ಲಿ ಹೂವಿನ ಹಾರ ನನ್ನ ಕೊರಳಿಗೆ ಬಿತ್ತೋ ಇಲ್ಲವೋ ಎಂಬುದನ್ನು ನಾನು ಖಚಿತವಾಗಿ ಹೇಳಲಾರೆ. ಬಿತ್ತು ಎಂದು ನನ್ನ ನೆನಪು ಹೇಳುತ್ತದೆ. ಕತ್ತಿನ ಹಿಂದೆ ಹೂವಿನ ತಂಪು ತಗುಲಿದ್ದು, ಚೆಂಡುಹೂವಿನ ಒಂದು ಎಸಳು ಕಾಲರಿನೊಳಗೆ ಜಾರಿದ್ದು, ಎಲ್ಲ ನೆನಪಿದೆ. ಆದರೆ ನನ್ನ ಹೆಂಡತಿ ವಿಮಲಾ, "ಆವತ್ತು ನಿಮ್ಮ ಕೊರಳಾಗೆ ಇದ್ದಿದ್ದು ಬೆವರು ಒಂದೇ" ಎನ್ನುತ್ತಾಳೆ. ನಾನು ಮೈಸೂರಿನಲ್ಲಿ ತರ್ಕಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ಕಣ್ಣಾರೆ ಕಂಡೆ ಎನ್ನುವವನ ಮಾತನ್ನೂ ಪರೀಕ್ಷಿಸದೆ ನಂಬಬೇಡಿ ಎಂದು ದಾವಣಗೆರೆಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವನು. ಹೀಗಾಗಿ ನನ್ನ ಮಾತನ್ನು ನಾನೇ ನಂಬುವಂತಿಲ್ಲ. ಓದಿದ್ದಕ್ಕೆ ಇದೇ ಶಿಕ್ಷೆ!

ಇದು ಎಂಬತ್ತರ ದಶಕ ಆಗತಾನೇ ಶುರುವಾಗಿದ್ದ ಕಾಲದ ಮಾತು. ಆಗ ನಾನು ಸಂಜೆ ಹೊತ್ತು ಒಂದು ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದೆ. ಅದರ ಯಜಮಾನರು ಇಮಾಮ್ ಸಾಬರು. ಹಗಲು ಸೈಕಲ್ ರಿಪೇರಿ, ಸಂಜೆ ಅಕಾರ್ಡಿಯನ್. ಎರಡಕ್ಕೂ ಗಾಳಿ ತುಂಬುವುದೇ ಕೆಲಸ ಎಂದು ಅವರೇ ತಮಾಷೆ ಮಾಡುತ್ತಿದ್ದರು. ಮನೆಯ ಹೆಣ್ಣುಮಕ್ಕಳನ್ನು ವೇದಿಕೆಗೆ ಕಳಿಸಲು ಊರಿನಲ್ಲಿ ಯಾರೂ ಒಪ್ಪುತ್ತಿರಲಿಲ್ಲವಾದ್ದರಿಂದ ಹೆಣ್ಣಿನ ಪಾಲನ್ನು ಬಸವರಾಜ ಹಾಡುತ್ತಿದ್ದ. ಹತ್ತಿ ಗಿರಣಿಯ ಕೆಲಸಗಾರ, ದಪ್ಪ ಮೀಸೆ. ಆದರೆ ಬಾಯಿ ತೆರೆದರೆ ಹದಿನಾರರ ಹುಡುಗಿ! ನಾನು ಅವನ ಪ್ರಿಯಕರ. ಗಣಪತಿ ಪೆಂಡಾಲುಗಳಲ್ಲಿ, ಮದುವೆ ಚಪ್ಪರಗಳಲ್ಲಿ ನಾವಿಬ್ಬರೂ ಎಷ್ಟೋ ಸಲ ಪ್ರೇಮಿಸಿದ್ದೆವು. ಜನ ಕಣ್ಣು ಮುಚ್ಚಿ ಕೇಳುತ್ತಿದ್ದರು, ಕಣ್ಣು ತೆರೆದು ಮೀಸೆ ನೋಡುತ್ತಿದ್ದರು, ನಕ್ಕು ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆ ಮಾತ್ರ ಪೂರ್ತಿ ಮೀಸೆಗೇ ಹೋಗುತ್ತಿತ್ತು. ಜೋಡಿ ಹಾಡಿನ ಚಪ್ಪಾಳೆಯನ್ನು ಇಬ್ಬರಿಗೂ ಸಮನಾಗಿ ಹಂಚಬೇಕೆಂಬುದು ನನ್ನ ಅಂದಿನ ಮತ್ತು ಇಂದಿನ ನಿಲುವು.

ಆ ದಿನಗಳಲ್ಲಿ ವಾರಪತ್ರಿಕೆಗಳಲ್ಲಿ ದೊಡ್ಡ ಊರುಗಳ ಪಾಪ್ ಗಾಯಕರ ಕಥೆಗಳು ಬರುತ್ತಿದ್ದವು. ಎಲ್ಲರದೂ ಒಂದೇ ದಾರಿ. ಮೊದಲು ಯಾವುದೋ ಗುಂಪಿನಲ್ಲಿ ಹಿಂದೆ ನಿಂತು ಹಾಡುವುದು, ಒಂದು ದಿನ ಗುಂಪು ಬಿಡುವುದು, ಆಮೇಲೆ ಕ್ಯಾಸೆಟ್ಟಿನ ಮೇಲೆ ಒಬ್ಬರದೇ ಫೋಟೋ. ನಾನು ತರ್ಕಬದ್ಧವಾಗಿ ಯೋಚಿಸಿದೆ. ಪ್ರಸಿದ್ಧ ಗಾಯಕರೆಲ್ಲ ಗುಂಪು ಬಿಟ್ಟವರು. ನಾನೂ ಗುಂಪು ಬಿಡುತ್ತೇನೆ. ಆದ್ದರಿಂದ ನಾನೂ ಪ್ರಸಿದ್ಧ ಗಾಯಕನಾಗುತ್ತೇನೆ. ಈ ವಾದದಲ್ಲಿರುವ ದೋಷವೇನು ಎಂದು ಪ್ರತಿವರ್ಷ ಪರೀಕ್ಷೆಯಲ್ಲಿ ನಾನೇ ಪ್ರಶ್ನೆ ಕೇಳುತ್ತಿದ್ದೆ. ಆ ವರ್ಷ ಉತ್ತರ ಮರೆತಿದ್ದೆ!

ಇಮಾಮ್ ಸಾಬರ ಅಂಗಡಿಗೆ ಹೋಗಿ ಗಂಭೀರವಾಗಿ ಹೇಳಿದೆ. "ಸಾಬ್ರೇ, ತಮಗೆ ನೋವಾಗಬಹುದು. ಇನ್ನು ಮುಂದೆ ನಾನು ಒಬ್ಬನೇ ಹಾಡಬೇಕೆಂದು ತೀರ್ಮಾನಿಸಿದ್ದೇನೆ."

ಅವರು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದರು. ತಲೆ ಎತ್ತಲಿಲ್ಲ. "ಹೋಗ್ರಿ ಮೇಷ್ಟ್ರೇ. ಖುಷಿಯಿಂದ ಹೋಗ್ರಿ."

"ಯೋಚನೆ ಮಾಡಿ ಹೇಳಿ. ಆರ್ಕೆಸ್ಟ್ರಾಕ್ಕೆ ಏಟು ಬೀಳಬಹುದು."

"ಅದೇನು ಫಿಕರ್ ಮಾಡಬ್ಯಾಡ್ರಿ. ಏಟು ತಡ್ಕೊಳ್ಳೋ ತಾಕತ್ತು ನಮಗೈತೆ."

ಅಷ್ಟು ಸಲೀಸಾಗಿ ಯಾರೂ ನನ್ನನ್ನು ಎಲ್ಲಿಂದಲೂ ಕಳಿಸಿಕೊಟ್ಟಿರಲಿಲ್ಲ. ದುಃಖವನ್ನು ಅದುಮಿಟ್ಟುಕೊಂಡಿದ್ದಾರೆ, ಪಾಪ, ಅಂದುಕೊಂಡೆ.

ಅವಕಾಶ ತಾನಾಗಿಯೇ ಬಂತು. ವಿಮಲಾಳ ಸೋದರಮಾವ ಸಿದ್ದಪ್ಪನವರು ಹರಿಹರದಲ್ಲಿ ತಮ್ಮ ಓಣಿಯ ಗಣಪತಿ ಸಮಿತಿಯ ಅಧ್ಯಕ್ಷರು. ಮಗಳ ಮದುವೆಗೆ ಕರೆಯಲು ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಮನೆಗೆ ಬಂದವರು, "ಅಳಿಯಂದ್ರೇ, ಊಟದ ಹೊತ್ತಿಗೆ ನಾಕು ಹಾಡು ಹೇಳ್ರಿ. ಜನಕ್ಕೆ ಹಿಡಿಸಿತು ಅಂದ್ರೆ ಈ ಸಲ ಗಣಪತಿಗೆ ಒಂದು ಸಂಜೆ ಪೂರ್ತಿ ನಿಮಗೇ. ಗೋಡೆ ಮ್ಯಾಲೆ ನಿಮ್ಮ ಒಬ್ರುದೇ ಹೆಸರು ಬರೆಸ್ತೀನಿ" ಅಂದರು.

ಗೋಡೆಯ ಮೇಲೆ ನನ್ನ ಒಬ್ಬನದೇ ಹೆಸರು! ತುಂಗಭದ್ರೆಯ ಸೇತುವೆ ದಾಟಿ ಬರುವ ಪ್ರತಿಯೊಬ್ಬನ ಕಣ್ಣಿಗೂ ಬೀಳುವ ಹಾಗೆ! ಆ ರಾತ್ರಿ ನಿದ್ದೆ ಬರಲಿಲ್ಲ. ಅಕ್ಷರ ಕೆಂಪೋ ನೀಲಿಯೋ ಎಂಬುದು ಬೆಳಗಿನವರೆಗೂ ತೀರ್ಮಾನವಾಗಲಿಲ್ಲ.

ತೊಂದರೆ ಒಂದೇ. ಒಬ್ಬನೇ ಹಾಡಿದರೂ ಹಿಂದೆ ವಾದ್ಯ ಬೇಕು. ಮದುವೆಯ ದಿನ ಇಮಾಮ್ ಸಾಬರ ತಂಡ ಲೋಕಿಕೆರೆಯ ಇನ್ನೊಂದು ಮದುವೆಗೆ ಹೊರಟಿತ್ತು. ಆಗ ನನಗೆ ಹೊಳೆದ ಉಪಾಯ, ಕಾಲಕ್ಕಿಂತ ಮುಂದಿದ್ದದ್ದು ಎಂದು ಈಗಲೂ ಹೇಳುತ್ತೇನೆ. ವಾದ್ಯಗಳನ್ನು ಮೊದಲೇ ಕ್ಯಾಸೆಟ್ಟಿಗೆ ತುಂಬಿಕೊಂಡು ಹೋಗಿ, ಅಲ್ಲಿ ಹಚ್ಚಿ, ಅದರ ಮೇಲೆ ಹಾಡುವುದು! ಇಮಾಮ್ ಸಾಬರ ಅಣ್ಣ ಸೌದಿಯಿಂದ ತಂದಿದ್ದ ದೊಡ್ಡ ಟೇಪ್ ರೆಕಾರ್ಡರ್ ಬೇಡಿ ತಂದೆ. ಭಾನುವಾರ ನಮ್ಮ ನಡುಮನೆಯಲ್ಲಿ ಎಲ್ಲರನ್ನೂ ಕೂರಿಸಿದೆ. ಸಾಬರು ಅಕಾರ್ಡಿಯನ್, ಅವರ ತಮ್ಮ ತಬಲಾ, ಬಸವರಾಜ ಬೋಂಗೋ ಎಂಬ ಜೋಡಿ ಡೋಲು. ಹಾಡಬಾರದು, ಬರೀ ಬಾರಿಸಬೇಕು ಎಂದು ಮೂರು ಮೂರು ಸಲ ಹೇಳಿದೆ.

ಮೊದಲ ಮೂರು ಹಾಡು ಸರಿಯಾಗಿ ಬಂದವು. ನಾಲ್ಕನೆಯದು ನಮ್ಮ ಹಳೆಯ ಜೋಡಿ ಹಾಡು, ದೋಣಿಯಲ್ಲಿ ಕೂತ ಪ್ರೇಮಿಗಳದು. ಗಂಡಿನ ಸಾಲುಗಳಷ್ಟು ಹೊತ್ತು ಬಸವರಾಜ ತೆಪ್ಪಗಿದ್ದ. ಹೆಣ್ಣಿನ ಸಾಲು ಬಂದದ್ದೇ ತಡ, ಅಭ್ಯಾಸಬಲ, ಕಣ್ಣು ಮುಚ್ಚಿ ಹಾಡಿಯೇಬಿಟ್ಟ!

"ಲೇ ಬಸ್ಯಾ, ಬಾಯಿ ಮುಚ್ಚೋ!" ಎಂದು ಸಾಬರು ಹಾಡು ಮುಗಿದ ಮೇಲೆ ಬೈದರು.

"ತಪ್ಪಾತ್ರಿ ಮೇಷ್ಟ್ರೇ. ಬಾಯಿ ತಾನಾಗೇ ತಕ್ಕೊಂಬಿಡ್ತು" ಎಂದು ಬಸವರಾಜ ಬೋಂಗೋ ಹಿಂದೆ ಮುಖ ಮರೆಸಿಕೊಂಡ.

ಅಷ್ಟರಲ್ಲಿ ಕ್ಯಾಸೆಟ್ಟೂ ಮುಗಿದಿತ್ತು. ನಾನು ವಿಶಾಲ ಹೃದಯದಿಂದ, "ಇರಲಿ ಬಿಡು. ವೇದಿಕೆಯ ಮೇಲೆ ಕಾಣಿಸದವರು ಲೆಕ್ಕಕ್ಕಿಲ್ಲ" ಎಂದೆ. ನನ್ನ ಜೀವನದ ಅತ್ಯಂತ ಕೆಟ್ಟ ತಾತ್ವಿಕ ನಿಲುವು ಅದು.

ಹರಿಹರದ ಕರೆಂಟನ್ನು ನಂಬುವುದು ಸಂದೇಹವಾದಿಗೆ ತಕ್ಕ ಮಾತಲ್ಲ. ಟೇಪಿಗೆ ದಪ್ಪ ಸೆಲ್ಲುಗಳನ್ನು ಹಾಕಿಕೊಂಡೇ ಹೋಗಬೇಕು. ನಮ್ಮ ಮನೆಯಲ್ಲಿ ಟಾರ್ಚು ಮಂಕಾದರೆ ವಿಮಲಾ ಸೆಲ್ಲುಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಇಡುತ್ತಿದ್ದಳು. ಓಣಿಯವರೆಲ್ಲ ಹಾಗೇ ಮಾಡುತ್ತಿದ್ದರು. ಸಂಜೆಗೆ ಅವು ಮತ್ತೆ ಜೀವ ಹಿಡಿಯುತ್ತಿದ್ದವು. ಮನೆಯಲ್ಲಿದ್ದ ಹಳೆಯ ಸೆಲ್ಲುಗಳನ್ನೆಲ್ಲ ಸೇರಿಸಿ ನಾನೇ ಸಂಡಿಗೆಯ ಪಕ್ಕದಲ್ಲಿ ಸಾಲಾಗಿ ಒಣಹಾಕಿದೆ.

"ಹೊಸವು ತರ್ರಿ. ಬಾವಿ ಕಟ್ಟೆಗೆ ಹೋಗಿ ಬರಾಕೆ ಆದ್ರೆ ಈ ಸೆಲ್ಲು ಸಾಕು. ಹಾಡಿಗೆ ಸಾಕಾಗಂಗಿಲ್ಲ" ಎಂದಳು ವಿಮಲಾ.

ಶಾಖದಿಂದ ರಾಸಾಯನಿಕ ಕ್ರಿಯೆ ಹೇಗೆ ಚುರುಕಾಗುತ್ತದೆ ಎಂದು ನಾನು ಅವಳಿಗೆ ವಿವರಿಸತೊಡಗಿದೆ. ವಿವರಣೆ ಮುಗಿಯುವ ಮೊದಲೇ ಅವಳು ಸಂಡಿಗೆ ಎತ್ತಿಕೊಂಡು ಕೆಳಗಿಳಿದಿದ್ದಳು.

ಮದುವೆಯ ದಿನ ಮುಹೂರ್ತ ಮುಗಿದು ಪಂಕ್ತಿ ಕೂತಿತು. ಕರೆಂಟು ಹೋಗಿತ್ತು. ನಾನು ಹೆಂಡತಿಯ ಕಡೆ ವಿಜಯದ ನಗೆ ಬೀರಿದೆ. ಮೈಕ್ ಸೆಟ್ಟಿನವನು ತನ್ನ ಲಾರಿ ಬ್ಯಾಟರಿಗೆ ವೈರು ಸಿಕ್ಕಿಸಿದ. ಕುರ್ಚಿಯ ಮೇಲೆ ಟೇಪ್ ರೆಕಾರ್ಡರ್, ಅದಕ್ಕೊಂದು ಮೈಕು, ನನಗೊಂದು ಮೈಕು. ನಾನು ಗುಂಡಿ ಒತ್ತಿದೆ. ಅಕಾರ್ಡಿಯನ್ ಮೊಳಗಿತು. ಬಡಿಸುತ್ತಿದ್ದವರು ಸೌಟು ಹಿಡಿದು ತಿರುಗಿ ನೋಡಿದರು. ಮೊದಲ ಹಾಡು, ಹೇಳುವುದಕ್ಕೆ ಸಂಕೋಚವಾಗುತ್ತದೆ, ಅದ್ಭುತವಾಗಿತ್ತು!

ಎರಡನೆಯ ಹಾಡಿನ ಮಧ್ಯದಲ್ಲಿ ಸೆಲ್ಲುಗಳು ಕುಂದತೊಡಗಿದವು. ಟೇಪು ನಿಧಾನವಾಯಿತು. ತಾಳ ಜಗ್ಗಿತು, ಶ್ರುತಿ ಇಳಿಯಿತು. ಗಟ್ಟಿ ಮನಸ್ಸಿನವನು ಇಂಥ ವೇಳೆಯಲ್ಲಿ ಹಿಂಜರಿಯಬಾರದು. ನಾನೂ ಇಳಿದೆ. ಅದು ಇನ್ನೊಂದು ಮೆಟ್ಟಿಲು ಇಳಿಯಿತು. ನಾನೂ ಬೆನ್ನು ಬಿಡಲಿಲ್ಲ. ಮೂರನೆಯ ಹಾಡಿಗೆ ನಾನು ನನ್ನ ಕಂಠದ ನೆಲಮಾಳಿಗೆಯಲ್ಲಿದ್ದೆ. ಅದು ಕುಣಿಯುವ ಹಾಡು. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡು, "ಯಾರು ತೀರಿಕೊಂಡಾರಂತೆ?" ಎಂದು ಪಕ್ಕದವಳನ್ನು ಕೇಳಿದರು.

ಬೇರೆ ಯಾರಾದರೂ ಆಗಿದ್ದರೆ ಮೈಕು ಕಿತ್ತುಕೊಳ್ಳುತ್ತಿದ್ದರು. ನಾನು ಮನೆಯ ಅಳಿಯ. ಅಳಿಯನನ್ನು ತಡೆಯುವ ಧೈರ್ಯ ಆ ಚಪ್ಪರದಲ್ಲಿ ಯಾರಿಗೂ ಇರಲಿಲ್ಲ. ಸಿದ್ದಪ್ಪನವರು ಕೈಮುಗಿದು ಹತ್ತಿರ ಬಂದರು. "ಅಳಿಯಂದ್ರೇ, ದಣಿದಿರಿ. ಊಟಕ್ಕೆ ಏಳ್ರಿ."

"ಇನ್ನೊಂದೇ ಇದೆ ಮಾವ."

"ಹೋಳಿಗೆ ಆರ್ತೈತ್ರಿ."

"ಆರಲಿ ಮಾವ!" ಕಲೆಗಾಗಿ ನಾನು ಮಾಡಿದ ದೊಡ್ಡ ತ್ಯಾಗ ಅದು.

ನಾಲ್ಕನೆಯ ಹಾಡು ಶುರುವಾಯಿತು. ದೋಣಿ ಕೆಸರಿನಲ್ಲಿ ಸಿಕ್ಕಿಕೊಂಡಂತೆ ಅಕಾರ್ಡಿಯನ್ ನರಳಿತು. ನನ್ನ ಸಾಲುಗಳನ್ನು ನಾನು ಹಾಡಿದೆ ಎನ್ನುವುದಕ್ಕಿಂತ ಗೊಣಗಿದೆ ಎನ್ನುವುದು ಸತ್ಯಕ್ಕೆ ಹತ್ತಿರ. ಆಮೇಲೆ ಹೆಣ್ಣಿನ ಸಾಲು ಬಂತು. ಬಸವರಾಜನ ತೆಳ್ಳನೆಯ ದನಿ ಸೊರಗಿದ ಟೇಪಿನಲ್ಲಿ ಇಳಿದು ಇಳಿದು ಗಂಡು ದನಿಯಾಗಿತ್ತು. ಅದೂ ಎಂಥ ದನಿ! ತುಂಬಿದ, ನಿಧಾನವಾದ, ನದಿಯ ಮೇಲಿನ ಗಾಳಿಯಂಥ ದನಿ. ಪಂಕ್ತಿಯಲ್ಲಿ ಸಾರಿನ ಸದ್ದು ನಿಂತಿತು. ತುತ್ತು ಹಿಡಿದ ಕೈಗಳು ಎಲೆಯ ಮೇಲೆಯೇ ನಿಂತವು. ನನಗೂ ಮೈ ಜುಮ್ಮೆಂದಿತು. ನನ್ನ ಮುಂದಿನ ಸಾಲು ಹಾಡುವುದನ್ನೇ ಮರೆತೆ. ಯಾರಿಗೂ ಗೊತ್ತಾಗಲಿಲ್ಲ.

ಹಾಡು ಮುಗಿದಾಗ ಚಪ್ಪಾಳೆಯೋ ಚಪ್ಪಾಳೆ! "ಒನ್ಸ್ ಮೋರ್!" ಎಂದು ಯಾರೋ ಕೂಗಿದರು. ಸಿದ್ದಪ್ಪನವರು ಬೀಗರಿಗೆಂದು ತಂದಿದ್ದ ಹಾರಗಳಲ್ಲಿ ಒಂದನ್ನು ಹಿಡಿದು ವೇದಿಕೆ ಹತ್ತಿದರು. ನಾನು ವಿನಯದಿಂದ ತಲೆ ಬಾಗಿಸಿದೆ. ಇಲ್ಲಿಂದ ಮುಂದೆಯೇ ನನ್ನ ಮತ್ತು ವಿಮಲಾಳ ಸಾಕ್ಷ್ಯ ಬೇರೆಯಾಗುವುದು.

ಆಮೇಲಿನ ಮಾತುಕತೆಯಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

"ಅಳಿಯಂದ್ರೇ, ಪೆಟ್ಟಿಗೆಯಾಗೆ ಹಾಡಿದನಲ್ಲ, ಯಾರವನು?"

"ನಮ್ಮ ಬಸವರಾಜ. ಆದರೆ ಅದು ಅವನ ದನಿಯಲ್ಲ, ಸೆಲ್ಲಿನ ದೋಷ."

"ಆ ದೋಷನೇ ಇರ್ಲಿ. ಗಣಪತಿಗೆ ಅವನನ್ನ ಕರ್ಕೊಂಡು ಬರ್ರಿ."

ದಾವಣಗೆರೆಗೆ ಬಂದು ಸಾಬರ ಅಂಗಡಿಯಲ್ಲಿ ಬಸವರಾಜನಿಗೆ ಕ್ಯಾಸೆಟ್ ಕೇಳಿಸಿದೆ. ಸೆಲ್ಲುಗಳು ಕೊನೆಯುಸಿರಲ್ಲಿದ್ದವು. ಅವನು ತನ್ನದೇ ದನಿ ಕೇಳಿ ಪೆಟ್ಟಿಗೆಯ ಹತ್ತಿರಕ್ಕೆ ಕಿವಿ ತಂದ.

"ಹಿಂಗೆ ಹಾಡಾಕೆ ಬರ್ತೈತೇನಲೇ?" ಎಂದರು ಸಾಬರು.

"ಗೊತ್ತಿಲ್ರಿ. ನೀವು ಯಾವತ್ತೂ ಕೇಳಿಲ್ಲಲ್ರಿ. ಬಂದಾಗಿಂದ ಹೆಣ್ಣಿನ ಪಾಲೇ ಕೊಟ್ರಿ" ಎಂದ ಬಸವರಾಜ. ಗಂಟಲು ಸರಿಮಾಡಿಕೊಂಡು, ಜೀವನದಲ್ಲಿ ಮೊದಲ ಸಲ, ತನ್ನ ಸ್ವಂತ ದನಿಯಲ್ಲಿ ಹಾಡಿದ. ಸಾಬರು ಕೈಯಲ್ಲಿದ್ದ ಪಂಪನ್ನು ಕೆಳಗಿಟ್ಟರು. ಪಂಕ್ಚರ್ ಹಾಕಿಸಲು ಬಂದವನೊಬ್ಬ ಸೈಕಲ್ ಮರೆತು ನಿಂತ. ನಾನು ಬಾತಿಯ ಗುಡ್ಡದ ಕಡೆ ಮುಖ ಮಾಡಿಕೊಂಡು ಕಣ್ಣಿಗೆ ಧೂಳು ಬಿದ್ದವನಂತೆ ನಟಿಸಿದೆ.

ಗಣಪತಿ ಹಬ್ಬಕ್ಕೆ ಹರಿಹರದ ಗೋಡೆಯ ಮೇಲೆ ಒಬ್ಬನದೇ ಹೆಸರು ಬಂತು. ಕೆಂಪು ಅಕ್ಷರ. ಬಸವರಾಜನದು. ಆಮೇಲೆ ಅವನು ಸಾಬರ ಗುಂಪು ಬಿಟ್ಟ, ಗಿರಣಿ ಬಿಟ್ಟ, ಊರೂರು ತಿರುಗಿದ, ಅವನ ಫೋಟೋ ಇರುವ ಕ್ಯಾಸೆಟ್ಟುಗಳು ಬಂದವು. ಮೀಸೆ ಹಾಗೇ ಇತ್ತು. ಗುಂಪು ಬಿಟ್ಟವನು ಪ್ರಸಿದ್ಧನಾಗುತ್ತಾನೆ ಎಂಬ ನನ್ನ ವಾದ ಕಡೆಗೂ ಸರಿಯಾಯಿತು. ಯಾರು ಎಂಬುದೊಂದರಲ್ಲಿ ಸಣ್ಣ ತಪ್ಪಾಗಿತ್ತು.

ಅವನು ಗುಂಪು ಬಿಟ್ಟ ಮರುವಾರವೇ ನಾನು ಸಾಬರ ಬಳಿ ಹೋಗಿ ನನ್ನ ಹಳೆಯ ಸ್ಥಾನ ಕೇಳಿದೆ. ಅವರು ತುಂಬಾ ಯೋಚಿಸಿ, "ಬೋಂಗೋ ಖಾಲಿ ಐತೆ ಮೇಷ್ಟ್ರೇ" ಅಂದರು. ಒಪ್ಪಿಕೊಂಡೆ. ಬಾರಿಸುವವನು ಬಾಯಿ ತೆಗೆಯಬಾರದು ಎಂಬ ನಿಯಮವನ್ನು ಸಾಬರು ನನಗೆ ಮೂರು ಮೂರು ಸಲ ಹೇಳಿದರು.

ಇನ್ನು ಆ ಹಾರದ ವಿಷಯ. ವರ್ಷಗಳ ನಂತರ ಸಿದ್ದಪ್ಪನವರ ಮನೆಯಲ್ಲಿ ಮದುವೆಯ ಆಲ್ಬಮ್ ಸಿಕ್ಕಿತು. ನನ್ನ ಸಂಗೀತ ಕಾರ್ಯಕ್ರಮದ್ದು ಅದರಲ್ಲಿ ಇರುವುದು ಒಂದೇ ಫೋಟೋ. ನಡುವೆ ಕುರ್ಚಿ. ಕುರ್ಚಿಯ ಮೇಲೆ ಟೇಪ್ ರೆಕಾರ್ಡರ್. ಟೇಪ್ ರೆಕಾರ್ಡರಿನ ಮೇಲೆ ಚೆಂಡುಹೂವಿನ ಹಾರ. ಬಲಗಡೆಯ ಅಂಚಿನಲ್ಲಿ ಯಾರದೋ ಒಂದು ಮೊಣಕೈ.

ಅದು ಯಾರದೆಂದು ಊಹೆಯ ಮೇಲೆ ಹೇಳುವುದು ನನ್ನ ವಿದ್ಯೆಗೆ ಒಪ್ಪುವುದಿಲ್ಲ. ಫೋಟೋ ಮನೆಗೆ ತಂದೆ. ಆವತ್ತು ತೊಟ್ಟಿದ್ದ ಹಳೆಯ ಚೌಕಳಿ ಅಂಗಿಯನ್ನು ಟ್ರಂಕಿನ ತಳದಿಂದ ತೆಗೆದು, ತೋಳಿಗೆ ವಿಮಲಾ ಹಾಕಿದ್ದ ತೇಪೆಯನ್ನು ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು ಹೋಲಿಸಿ ನೋಡಿದೆ. ಸಂದೇಹವೇ ಇಲ್ಲ. ಆ ಮೊಣಕೈ ನನ್ನದೇ!