ಮಿಕ್ಸಿಯ ವಸಂತಿ

ಬರೆಯುವ ಚಪಲ ಇದ್ದು ಬರೆಯಲು ಬಾರದವನ ಪಾಡು ಯಾರಿಗೂ ಬೇಡ. ನಾನು ಅಂಥವನು. ಬದಿಯಡ್ಕದಲ್ಲಿ ನನ್ನದೊಂದು ಗೊಬ್ಬರದ ಅಂಗಡಿ. ಗಿರಾಕಿಯಿಲ್ಲದ ಮಧ್ಯಾಹ್ನ ಕಾದಂಬರಿ ಬರೆಯಲು ಕುಳಿತರೆ ನಾಯಕ ಮನೆಯಿಂದ ಹೊರಡುತ್ತಾನೆ, ಚಪ್ಪಲಿ ಹಾಕುತ್ತಾನೆ, ಅಲ್ಲಿಗೆ ನನ್ನ ಪ್ರತಿಭೆ ಮುಗಿಯುತ್ತದೆ. ಅವನು ಮೆಟ್ಟಿಲಿಳಿದದ್ದೇ ಇಲ್ಲ. ಹೀಗಿರುವಾಗ, ಹಳೆಯ ಪುಸ್ತಕಗಳ ಸಾಲುಗಳನ್ನು ಕತ್ತರಿಸಿ ಅಂಟಿಸಿ ಹೊಸ ಕತೆ ಮಾಡುವ ಪ್ರಯೋಗಶೀಲರು ಲೋಕದಲ್ಲಿದ್ದಾರೆಂದು ಮೊಬೈಲಿನಲ್ಲಿ ಓದಿದೆ. ನನಗಾದ ಆನಂದವನ್ನು ಏನೆಂದು ಹೇಳಲಿ! ಬರೆಯದೆ ಕಾದಂಬರಿಕಾರನಾಗುವ ದಾರಿಯೊಂದಿತ್ತು, ಇಷ್ಟು ವರ್ಷ ಒಬ್ಬರೂ ನನಗೆ ಹೇಳಿರಲಿಲ್ಲ.

ಅಂದೇ ಕತ್ತರಿ ಹಿಡಿದೆ. ಅಂಗಡಿಯಲ್ಲಿದ್ದ, ಅಡಿಕೆಗೆ ಸಿಂಪಡಿಸುವ ಮೈಲುತುತ್ತಿನ ಕರಪತ್ರ, ಹಳೆಯ ಪಂಚಾಂಗ, ಮಿಕ್ಸಿಯ ಜೊತೆ ಬಂದ ಕೈಪಿಡಿ, ಎಲ್ಲವೂ ಸಾಹಿತ್ಯವಾದವು. ಆದರೆ ಪ್ರೇಮ ಸಾಲದಾಯಿತು. ಮಿಕ್ಸಿಯ ಕೈಪಿಡಿಯಲ್ಲಿ ಎಷ್ಟೆಂದು ಪ್ರೇಮ ಸಿಕ್ಕೀತು? ಅಟ್ಟ ಜಾಲಾಡಿದಾಗ ವಾರಪತ್ರಿಕೆಯ ಹಾಳೆಗಳದ್ದೊಂದು ಕಟ್ಟು ಕಂಡಿತು. ಪುಟಪುಟದಲ್ಲೂ ಕಣ್ಣೀರು, ನಿಟ್ಟುಸಿರು, ಒಬ್ಬ ಸುಂದರ ಡಾಕ್ಟರು. ರದ್ದಿಯೆಂದುಕೊಂಡು ಮನಸೋ ಇಚ್ಛೆ ಕತ್ತರಿಸಿದೆ. ಕಾದಂಬರಿ ಸಿದ್ಧವಾದ ದಿನ ಗಿರಾಕಿಗಳಿಗೆಲ್ಲ ನಗುನಗುತ್ತ ಯೂರಿಯಾ ತೂಗಿದೆ.

ಅದು ರದ್ದಿಯಾಗಿರಲಿಲ್ಲ. ನನ್ನ ಹೆಂಡತಿ ಶಾರದೆ ಮದುವೆಗೆ ಮುಂಚೆ, ಆಗಿನ ಎಷ್ಟೋ ಹೆಂಗಸರಂತೆ, ಧಾರಾವಾಹಿಯ ಹಾಳೆಗಳನ್ನು ವಾರವಾರ ಹರಿದು ಜೋಡಿಸಿ ದಬ್ಬಣದಲ್ಲಿ ಹೊಲಿದಿಟ್ಟ ಪುಸ್ತಕ ಅದು. ಅದನ್ನು ಅರ್ಧ ಓದುವಷ್ಟರಲ್ಲಿ ಮದುವೆಯಾಗಿ ಶಾರ್ಜಾಕ್ಕೆ ಹೋದ ಅವಳ ತಂಗಿ ಸುಮತಿ, ನಾಯಕಿ ವಸಂತಿ ಕೊನೆಗೆ ಡಾಕ್ಟರನ್ನು ಮದುವೆಯಾದಳೋ ಇಲ್ಲವೋ ತಿಳಿಯದೆ ಅಲ್ಲಿ ಕೊರಗುತ್ತಿದ್ದಳಂತೆ. ಶಾರದೆಗೂ ಅಂತ್ಯ ಮರೆತುಹೋಗಿತ್ತು. ರಜೆಯಲ್ಲಿ ಬಂದ ಸುಮತಿ ನಮ್ಮ ಜಗಲಿಯಲ್ಲಿ ಕುಳಿತು ಪುಸ್ತಕ ಕೇಳಿದಾಗಲೇ ನನಗೆ ಇದೆಲ್ಲ ಗೊತ್ತಾದದ್ದು.

"ಅಟ್ಟದಲ್ಲಿದ್ದ ಕಟ್ಟು ಎಂತ ಮಾಡಿದ್ರಿ?" ಎಂದು ಶಾರದೆ ತಣ್ಣಗೆ ಕೇಳಿದಳು. ಅವಳು ಕೂಗಾಡಿದರೆ ನನಗೆ ಭಯವಿಲ್ಲ, ತಣ್ಣಗಾದರೆ ಕೈಕಾಲು ಆಡುವುದಿಲ್ಲ. ಬೇರೆ ದಾರಿ ಕಾಣದೆ ನನ್ನ ಕಾದಂಬರಿಯನ್ನೇ ತಂದು ಸುಮತಿಯ ಕೈಗಿಟ್ಟು, ವಸಂತಿ ಇದರೊಳಗೇ ಇದ್ದಾಳೆ, ಸ್ವಲ್ಪ ಹುಡುಕಬೇಕು ಎಂದೆ.

ಅವಳು ಗಟ್ಟಿಯಾಗಿ ಓದತೊಡಗಿದಳು. ಡಾಕ್ಟರ್ ವಸಂತಿಯ ಕೈಹಿಡಿದು, ಮಳೆ ಹಿಡಿಯುವ ಮೊದಲು ಗೊನೆಗಳಿಗೆ ಚೆನ್ನಾಗಿ ತಾಗುವಂತೆ ಸಿಂಪಡಿಸಿ ಎಂದು ಪಿಸುಗುಟ್ಟಿದ. ವಸಂತಿ ನಾಚಿ, ಜಾರ್ ಭದ್ರವಾಗಿ ಕೂತಿದೆಯೇ ಎಂದು ಖಚಿತಪಡಿಸಿಕೊಂಡಳು. ಸುಮತಿ ಬಿದ್ದು ಬಿದ್ದು ನಕ್ಕಳು. ಸಿಟ್ಟು ಮಾಡಿಕೊಂಡು ಅಡುಗೆಮನೆಗೆ ಹೋಗಿದ್ದ ಶಾರದೆಯೂ ಅಲ್ಲಿಂದಲೇ ಕಿಸಕ್ಕೆಂದಳು. ಮತ್ತೆ ಅಕ್ಕತಂಗಿಯರು ಸೇರಿ ಅಲ್ಲಲ್ಲಿ ಅಂಟಿಸಿದ್ದ ಕೊನೆಯ ಕಂತಿನ ಚೂರುಗಳನ್ನು ಹೆಕ್ಕಿ ಓದಿದರು. ವಸಂತಿ ಡಾಕ್ಟರನ್ನೇ ಮದುವೆಯಾಗಿ ಸುಖವಾಗಿದ್ದಳು. ಇಷ್ಟಕ್ಕೆ ಇಷ್ಟು ವರ್ಷ ಕಾದೆನೇ ಎಂದು ಸುಮತಿಗೆ ಬೇಸರವಾಯಿತು. ಇದಕ್ಕಿಂತ ಮಿಕ್ಸಿಯ ವಸಂತಿಯೇ ವಾಸಿ ಎಂದಳು. ಹಿಗ್ಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹೊರಡುವಾಗ ಸುಮತಿ ನನ್ನ ಕಾದಂಬರಿಯನ್ನು ಬ್ಯಾಗಿಗೆ ಹಾಕಿಕೊಂಡಳು. "ಭಾರಿ ಲಾಯ್ಕುಂಟು ಭಾವ, ಅಲ್ಲಿ ಎಲ್ಲರಿಗೂ ಓದಿ ಹೇಳ್ಲಿಕ್ಕೆ ಉಂಟು. ಬೋರಾಗುವ ಒಂದು ತುಂಡು ಇತ್ತು, ಅದನ್ನು ಮಾತ್ರ ಕತ್ತರಿಸಿ ತೆಗ್ದಿದ್ದೇನೆ," ಎಂದು ಮಡಚಿದ ಕಾಗದವೊಂದನ್ನು ನನ್ನ ಕೈಗಿತ್ತಳು.

ಬಿಡಿಸಿ ನೋಡಿದೆ. ಮೈಲುತುತ್ತು ಅದರಲ್ಲಿರಲಿಲ್ಲ, ಪಂಚಾಂಗವೂ ಇರಲಿಲ್ಲ. ಅದು ನಾನು ಸ್ವಂತ ತಲೆಯಿಂದ ಬರೆದು ಸೇರಿಸಿದ್ದ ಮುನ್ನುಡಿ.