ಬಾಪುವಿನ ಕಾದಂಬರಿ ಓದಿದವರು

ಕ್ಷೌರದ ಭೀಖು ಗಲ್ಲಕ್ಕೆ ಸೋಪು ಹಚ್ಚುತ್ತ, "ಕಾದಂಬರಿ ಅಂದ್ರೆ ನಿಮ್ದೇ ಬಾಪು" ಎಂದ. ರಣಮಲಸಿಂಹ ಬಾಪು ಅಷ್ಟಕ್ಕೇ ಬಿಟ್ಟಿದ್ದರೆ ಅವರ ದಿನ ನೆಟ್ಟಗಿರುತ್ತಿತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗೆ, ಯಾವ ಭಾಗ ಹಿಡಿಸಿತು ಎಂದು ಕೇಳಿಬಿಟ್ಟರು.

"ಕೊನೇಲಿ ರೂಪಾಳಿಬಾ ಮದುವೆ ಆಗುತ್ತಲ್ಲ, ಅದು. ಕಣ್ಣು ತುಂಬಿ ಬಂತು."

ರೂಪಾಳಿಬಾ ಮೊದಲನೇ ಅಧ್ಯಾಯದಲ್ಲೇ ಬಾವಿಗೆ ಬಿದ್ದು ಸತ್ತಿದ್ದಳು.

ಬಾಪುವಿನ ಹಿರಿಯರು ಕಾಠಿಯಾವಾಡದ ಹಮೀರಪರವನ್ನು ಆಳಿದವರು. ಆ ರಾಜ್ಯದ ಈ ಗಡಿಯಲ್ಲಿ ಕೆಮ್ಮಿದರೆ ಆ ಗಡಿಯವರು ಔಷಧಿ ಹೇಳುತ್ತಿದ್ದರಂತೆ. ರಾಜ್ಯ ಹೋಗಿ ಎಷ್ಟೋ ಕಾಲವಾಗಿತ್ತು, ಊರಿನವರ ಮರ್ಯಾದೆ ಮಾತ್ರ ಹೋಗಿರಲಿಲ್ಲ. ದರ್ಬಾರಿನವರು ಏನು ಮಾಡಿದರೂ ಭೇಷ್ ಎನ್ನುವುದು ಅಲ್ಲಿನ ರೂಢಿ. ಬಾಪು ವರ್ಷಗಟ್ಟಲೆ ಬೆನ್ನು ಬಗ್ಗಿಸಿ ಬರೆದ ಕಾದಂಬರಿಗೆ ಅವತ್ತು ಸಂಜೆ ಲೈಬ್ರರಿಯಲ್ಲಿ ಸನ್ಮಾನ. ನಿಜವಾಗಿ ಓದಿದವರು ಒಬ್ಬರಾದರೂ ಸಿಕ್ಕದೆ ಶಾಲು ಹೊದೆಯುವುದಿಲ್ಲ ಎಂದು ಅವರು ಶಪಥ ಮಾಡಿದರು. ಹೆಂಡತಿ ಬಾಸಾಹೇಬರು ತಟ್ಟೆಗೆ ಕಡಲೆಹಿಟ್ಟಿನ ಗಾಂಠಿಯಾ ಹಾಕುತ್ತ, "ಹಾಗಾದ್ರೆ ಚಳೀಲೇ ಇರಿ" ಎಂದರು. ನೀನಾದರೂ ಓದಿದೆಯಾ ಎಂದು ಕೇಳುವ ಧೈರ್ಯ ಬಾಪುವಿಗೆ ಬರಲಿಲ್ಲ.

ಪೇಟೆಯಲ್ಲಿ ಗಾಂಠಿಯಾ ಅಂಗಡಿಯವನು ಎರಡು ಸಲ ಓದಿದೆ ಎಂದ. ಪಕ್ಕದ ಬಟ್ಟೆ ಅಂಗಡಿಯವನು ಮೂರು ಸಲ ಎಂದ. ಹರಾಜು ಕೂಗಿದ ಹಾಗೆ ಲೆಕ್ಕ ಏರುತ್ತಲೇ ಹೋಯಿತು. ಕತೆ ಏನು ಎಂದು ಕೇಳಿದರೆ ಮಾತ್ರ ಎಲ್ಲರೂ ಕೈ ಮುಗಿದರು.

ಲೈಬ್ರರಿಯಲ್ಲಂತೂ ಪುಸ್ತಕ ಗಾಜಿನ ಬೀರುವಿನೊಳಗೆ ಹಾರ ಹಾಕಿಸಿಕೊಂಡು, ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಬೀರುವಿಗೆ ಬೀಗ. ಕಂಡಕಂಡವರ ಕೈ ತಾಗಬಾರದಲ್ಲ ಎಂದು ಲೈಬ್ರರಿಯ ದವೆಭಾಯ್ ಹೆಮ್ಮೆಯಿಂದ ಹೇಳಿದರು. ಬಾಪುವಿಗೆ ಅಳುವುದೊಂದು ಬಾಕಿ.

ತಲೆ ತಗ್ಗಿಸಿ ಹೊರಟವರನ್ನು ಬೀದಿಯ ಕೊನೆಯ ಮನೆಯಿಂದ ಯಾರೋ ಕೂಗಿದರು. "ಏ ರಣಮಲ, ಬಾ ಇಲ್ಲಿ."

ಊರಿನಲ್ಲಿ ಹಾಗೆ ಕರೆಯುವವರು ಒಬ್ಬರೇ, ಚಿಕ್ಕಂದಿನಲ್ಲಿ ಅವರ ಕಿವಿ ಹಿಂಡಿ ಅಕ್ಷರ ಕಲಿಸಿದ ತರುಲತಾಬೆನ್. ಮೇಡಂ ಜಗುಲಿಯ ಉಯ್ಯಾಲೆಯಲ್ಲಿ ಕೂತಿದ್ದರು. ತೊಡೆಯ ಮೇಲೆ ಬಾಪುವೇ ಕಳಿಸಿಕೊಟ್ಟಿದ್ದ ಪುಸ್ತಕ.

"ನಿನ್ನ ನಾಯಕ ಬಿಳಿ ಕುದುರೆ ಹತ್ತಿ ಹೋದೋನು ಕಪ್ಪು ಕುದುರೆಯಿಂದ ಇಳೀತಾನೆ. ದಾರೀಲಿ ಮಾರಿಕೊಂಡ್ನಾ? ಬಾವಿಗೆ ಬಿದ್ದ ಆ ಹುಡುಗಿ ತಾಯಿ ಎಷ್ಟು ಅಳ್ತಾಳೋ. ನಾನೆದ್ದು ಹೋಗಿ ಅಡುಗೆ ಮುಗಿಸಿ ಬಂದೆ, ಇನ್ನೂ ಅಳ್ತಾ ಇದ್ಲು."

ಬಾಪು ಆನಂದದಿಂದ ಅವರ ಕಾಲು ಮುಟ್ಟಿದರು. "ಇನ್ನೂ ಬೈಯಿರಿ ಬೆನ್" ಎಂದರು.

ಸಂಜೆ ಬಾಪುವೇ ಅವರನ್ನು ಕೈಹಿಡಿದು ಸನ್ಮಾನದ ವೇದಿಕೆಗೆ ಹತ್ತಿಸಿದರು. ತರುಲತಾಬೆನ್ ಕುದುರೆಯನ್ನೂ ಅಳುವನ್ನೂ ಬಿಡಿಬಿಡಿಯಾಗಿ ಜಾಲಾಡಿಸಿದರು. ಬಾಪು ಎದ್ದು ನಿಂತು, ತಮಗೆ ಹೊದಿಸಲೆಂದು ತಂದಿದ್ದ ಶಾಲನ್ನು ತೆಗೆದು ಮೇಡಂ ಹೆಗಲಿಗೇ ಹೊದಿಸಿದರು. ತಮಗೆ ಬೇಕಾದದ್ದು ಇಂಥ ಓದುಗರೇ, ಹೊಗಳಿಕೆ ಇನ್ನು ಸಾಕು ಎಂದು ಸಾರಿದರು. ಯಾವ ಯುದ್ಧದಲ್ಲೂ ಅವರ ಹಿರಿಯರಿಗೆ ಇಷ್ಟು ದೊಡ್ಡ ಗೆಲುವು ಸಿಕ್ಕಿರಲಿಲ್ಲ.

ಸಭೆ ಮುಖ ಮುಖ ನೋಡಿಕೊಂಡಿತು. ಮೆಲ್ಲಗೆ ಬಟ್ಟೆ ಅಂಗಡಿಯವನು ಎದ್ದು, ಕತೆಯಲ್ಲಿ ಹುರುಳಿಲ್ಲ ಎಂದ. ಗಾಂಠಿಯಾದವನು ತನಗೆ ಎರಡು ಸಲವೂ ನಿದ್ದೆ ಬಂತು ಎಂದ. ಬೈಯುವವರ ಸಾಲು ಬಾಗಿಲವರೆಗೂ ಬೆಳೆಯಿತು. ಎಲ್ಲರೂ ಓದಿದ್ದಾರೆ, ಹೇಳಲು ಹೆದರಿದ್ದರು ಅಷ್ಟೆ, ಎಂದುಕೊಂಡು ಬಾಪು ಉಬ್ಬಿಹೋದರು.

ಕೊನೆಗೆ ದವೆಭಾಯ್ ಮೈಕು ಹಿಡಿದು, ಹುಟ್ಟಿದಾಗಿನಿಂದ ಇಷ್ಟು ಕೆಟ್ಟ ಪುಸ್ತಕ ಕಂಡಿಲ್ಲ ಎಂದು ಗುಡುಗಿದರು. ಚಪ್ಪಾಳೆ ಬಿತ್ತು.

"ಭೇಷ್ ದವೆಭಾಯ್" ಎಂದರು ಬಾಪು. "ಸಂಕೋಚ ಬೇಡ, ಬಿಡಿಸಿ ಹೇಳಿ. ಏನು ಕೆಟ್ಟದಾಗಿದೆ?"

ದವೆಭಾಯ್ ಮೈಕು ಕೆಳಗಿಟ್ಟು ಎರಡೂ ಕೈ ಜೋಡಿಸಿದರು.

"ಬಾಪು ಏನು ಅಪ್ಪಣೆ ಕೊಡಿಸ್ತೀರೋ, ಅದೇ."